ಶಿಷ್ಯರ ಸಂಗಡ ಹೊರಟ ಗುರು

ಮಾರ್ಗಶಿರ ಮಾಸವು ಬಂದಿತೆಂದರೆ ನಮ್ಮ ಅರಿಶಿನಕುಂಟೆಯ ಹೆದ್ದಾರಿಯಲ್ಲಿ ಬೆಳಗಿನ ಜಾವಕ್ಕೇ ಶಾಲೆಯ ಮಕ್ಕಳನ್ನು ತುಂಬಿಕೊಂಡ ಬಸ್ಸುಗಳು ಒಂದರ ಹಿಂದೊಂದರಂತೆ ತುಮಕೂರಿನ ಕಡೆಗೂ ಹಾಸನದ ಕಡೆಗೂ ಸಾಗತೊಡಗುತ್ತವೆ. ಆ ದಿನಗಳಲ್ಲಿ ಮನೆಮನೆಯಲ್ಲಿಯೂ ಒಂದೇ ವಿಚಾರ: ಮಗುವನ್ನು ಪ್ರವಾಸಕ್ಕೆ ಕಳುಹಿಸುವುದೋ, ಬೇಡವೋ? ತಾಯಿಗೆ ನೀರಿನ ಭಯ, ತಂದೆಗೆ ಖರ್ಚಿನ ಯೋಚನೆ, ಅಜ್ಜಿಗೆ ಚಳಿಯ ಚಿಂತೆ. ಮಗುವಿಗಂತೂ ಹೆಸರು ಬರೆಯಿಸಿದ ದಿನದಿಂದ ನಿದ್ರೆಯಿಲ್ಲ. ಗೃಹಸ್ಥರು ಹಲವರು ಈ ವಿಷಯವಾಗಿ ನನ್ನ ಅಭಿಪ್ರಾಯವನ್ನು ಕೇಳುವುದುಂಟು. ಅವರೆಲ್ಲರೂ ಕೇಳುವುದು ಎಲ್ಲಿಗೆ ಹೋಗುತ್ತಾರೆ, ಎಷ್ಟು ದಿನ, ಎಷ್ಟು ಹಣ ಎಂಬುದನ್ನೇ. ಸಂಗಡ ಹೋಗುವ ಉಪಾಧ್ಯಾಯರು ಎಂಥವರು, ಅಲ್ಲಿ ಅವರು ಏನು ಮಾಡುತ್ತಾರೆ ಎಂಬುದನ್ನು ಕೇಳಿದವರು ಬಹು ಕಡಮೆ. ಈ ತಿಂಗಳು ಅದನ್ನೇ ಕುರಿತು ನಾಲ್ಕು ಮಾತುಗಳನ್ನು ಬರೆಯುತ್ತೇನೆ. ಅದಕ್ಕಾಗಿ ವಾಚಕರನ್ನು ಮೊದಲು ಚೀನಾದೇಶದವರೆಗೆ ಕರೆದುಕೊಂಡು ಹೋಗಬೇಕಾಗಿದೆ.

ಆ ದೇಶದ ಶಾಲೆಗಳಲ್ಲಿ ವಸಂತಕಾಲದ ವಿಹಾರವನ್ನು ‘ಚುನ್ ಯೋ’ ಎಂದೂ ಶರತ್ಕಾಲದ ವಿಹಾರವನ್ನು ‘ಚ್ಯೂ ಯೋ’ ಎಂದೂ ಕರೆಯುವ ವಾಡಿಕೆಯಿದೆ. 2016ರಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯವು ಇತರ ಹತ್ತು ಇಲಾಖೆಗಳೊಡನೆ ಕೂಡಿ, ಅಧ್ಯಯನ ಪ್ರವಾಸವನ್ನು ಶಾಲೆಯ ಪಾಠಕ್ರಮದಲ್ಲಿಯೇ ಸೇರಿಸತಕ್ಕದ್ದೆಂದು ಮಾರ್ಗಸೂಚಿಯನ್ನು ಹೊರಡಿಸಿತು. ಅಲ್ಲಿ ಇಂಗ್ಲಿಷ್ ಕಲಿಸಲೆಂದು ದೂರದೇಶಗಳಿಂದ ಬಂದು ನೆಲಸಿದ ಉಪಾಧ್ಯಾಯರೂ ಇದ್ದಾರೆ. ಅಂಥವನೊಬ್ಬನು ವಿಹಾರದ ದಿನ ಮಕ್ಕಳ ಸಂಗಡ ಬಸ್ಸು ಹತ್ತಿದನೆಂದು ಭಾವಿಸೋಣ. ಹಿಂದಿನ ದಿನದವರೆಗೆ ತರಗತಿಯಲ್ಲಿ ಇವನೇ ಪ್ರಭು. ಇವನ ಭಾಷೆಯನ್ನು ಮಕ್ಕಳು ತಡವರಿಸುತ್ತಾ ಒಪ್ಪಿಸುತ್ತಿದ್ದರು. ಇಂದು ಆ ಸ್ಥಿತಿಯೇ ತಲೆಕೆಳಗಾಗಿದೆ. ಕಿರುಬಾವುಟವನ್ನು ಹಿಡಿದು ಮುಂದೆ ನಡೆಯುವ ಮಾರ್ಗದರ್ಶಕನ ಒಂದು ಮಾತೂ ಇವನಿಗೆ ತಿಳಿಯದು. ದೇವಾಲಯದ ಬಾಗಿಲಿನ ಮೇಲಣ ಬರಹ ತಿಳಿಯದು. ಊಟದ ಬುತ್ತಿಯಲ್ಲಿರುವುದು ಏನೆಂಬುದು ಕೂಡ ತಿಳಿಯದು. ಹತ್ತು ವರ್ಷದ ಹುಡುಗಿಯೊಬ್ಬಳು ಅವನ ಅಂಗಿಯ ತೋಳನ್ನು ಹಿಡಿದೆಳೆದು, ಬಂದಷ್ಟು ಇಂಗ್ಲಿಷಿನಲ್ಲಿ, ಇದು ಇಂಥದು, ಅದು ಅಂಥದು ಎಂದು ತಿಳಿಸಬೇಕು. ತರಗತಿಯಲ್ಲಿ ಬಾಯಿ ಬಿಡದಿದ್ದ ಮಗು ಅಲ್ಲಿ ದುಭಾಷಿಯಾಗುತ್ತದೆ. ವರ್ಷವೆಲ್ಲಾ ಕಲಿತ ಭಾಷೆ ಆ ಒಂದು ದಿನ ಮಗುವಿಗೆ ನಿಜವಾಗಿಯೂ ಬೇಕಾಗುತ್ತದೆ. ಹೇಳಬೇಕಾದ ವಿಷಯವೂ ಇದೆ, ಕೇಳಲು ತವಕಿಸುವವನೂ ಇದ್ದಾನೆ.

ಶಿಷ್ಯರೊಡನೆ ವಿಹಾರ ಹೊರಡುವ ಆಸೆ ಆ ನಾಡಿನಲ್ಲಿ ಇಂದು ನಿನ್ನೆಯದಲ್ಲ. ಕನ್‌ಫ್ಯೂಷಿಯಸ್ ಮಹಾಶಯನ ಸಂವಾದಗಳನ್ನು ಸಂಗ್ರಹಿಸಿದ ಗ್ರಂಥದಲ್ಲಿ ಒಂದು ಪ್ರಸಂಗ ಬರುತ್ತದೆ. ನಾಲ್ವರು ಶಿಷ್ಯರು ಗುರುವಿನ ಬಳಿ ಕುಳಿತಿದ್ದಾರೆ. ನಿಮ್ಮ ಯೋಗ್ಯತೆಯನ್ನು ಲೋಕವು ಮನ್ನಿಸಿದರೆ ಏನು ಮಾಡುವಿರೆಂದು ಆತನು ಕೇಳುತ್ತಾನೆ. ಒಬ್ಬನಿಗೆ ರಾಜ್ಯವೊಂದನ್ನು ಆಪತ್ತಿನಿಂದ ಪಾರುಮಾಡುವ ಹಂಬಲ, ಇನ್ನೊಬ್ಬನಿಗೆ ಚಿಕ್ಕ ಸೀಮೆಯೊಂದನ್ನು ಸುಭಿಕ್ಷಗೊಳಿಸುವ ಆಸೆ. ಮೂರನೆಯವನು ರಾಜಸಭೆಯ ಉಪಚಾರಗಳಲ್ಲಿ ಸಣ್ಣ ಸಹಾಯಕನಾಗಬಯಸುತ್ತಾನೆ. ತಂತೀವಾದ್ಯವನ್ನು ಮೆಲ್ಲನೆ ನುಡಿಸುತ್ತಿದ್ದ ನಾಲ್ಕನೆಯವನು ಅದನ್ನು ಬದಿಗಿರಿಸಿ, ವಸಂತದ ಕೊನೆಯಲ್ಲಿ ಐದಾರು ಮಂದಿ ತರುಣರನ್ನೂ ಆರೇಳು ಬಾಲಕರನ್ನೂ ಕರೆದುಕೊಂಡು ನದಿಯಲ್ಲಿ ಮಿಂದು, ಮಳೆಗಾಗಿ ಪೂಜಿಸುವ ಜಗಲಿಯ ಮೇಲೆ ಗಾಳಿಗೆ ಮೈಯೊಡ್ಡಿ, ಹಾಡುತ್ತಾ ಮನೆಗೆ ಮರಳುವುದು ತನ್ನ ಇಷ್ಟವೆನ್ನುತ್ತಾನೆ. ಗುರುವು ನಿಟ್ಟುಸಿರುಬಿಟ್ಟು, ತಾನು ಇವನ ಪಕ್ಷವೆಂದು ನುಡಿಯುತ್ತಾನೆ. ರಾಜ್ಯನೀತಿಯನ್ನು ಉಪದೇಶಿಸುತ್ತಾ ದೇಶದೇಶಗಳನ್ನು ತಿರುಗಿದ ಆ ವೃದ್ಧನು ಹೀಗೆ ಹೇಳಿದುದೇಕೆಂಬುದನ್ನು ಕುರಿತು ಅಲ್ಲಿಯ ವ್ಯಾಖ್ಯಾನಕಾರರು ಶತಮಾನಗಳಿಂದ ವಾದಿಸುತ್ತಿದ್ದಾರೆ. ನನಗೆ ಆ ವಾದಗಳ ಆಳ ತಿಳಿಯದು. ಆದರೆ ಮೂವತ್ತು ವರ್ಷ ಹುಡುಗರ ನಡುವೆ ಇದ್ದವನಿಗೆ ಆ ನಿಟ್ಟುಸಿರಿಗೆ ವ್ಯಾಖ್ಯಾನವೇ ಬೇಕಾಗುವುದಿಲ್ಲ.

ನಮ್ಮ ಉಪನಿಷತ್ತಿನ ಸತ್ಯಕಾಮ ಜಾಬಾಲನನ್ನು ಇಲ್ಲಿ ನೆನೆಯಬಹುದು. ಗುರುವು ಬಡಕಲು ಗೋವುಗಳು ನಾನೂರನ್ನು ಅವನ ವಶಕ್ಕೆ ಕೊಟ್ಟು ಅಡವಿಗೆ ಕಳುಹಿಸಿದನು. ಅವು ಸಾವಿರವಾಗುವವರೆಗೆ ಅವನು ಹಿಂದಿರುಗಲಿಲ್ಲ. ಅಲ್ಲಿ ವೃಷಭವೂ ಅಗ್ನಿಯೂ ಪಕ್ಷಿಗಳೂ ಅವನಿಗೆ ಪಾಠ ಹೇಳಿದುವು. ಹೊರಗಿನ ಪಾಠಕ್ಕೆ ಇದಕ್ಕಿಂತ ದೊಡ್ಡ ಕಥೆಯುಂಟೆ? ಆದರೂ ಒಂದು ಕೊರತೆ: ಅಲ್ಲಿ ಗುರುವು ಆಶ್ರಮದಲ್ಲಿಯೇ ಉಳಿದನು.

ಶಿಷ್ಯನ ಜೊತೆಯಲ್ಲಿ ತಾನೂ ಹೆಜ್ಜೆಯಿಟ್ಟ ಗುರುವು ಬೇಕಾದರೆ ನಮ್ಮ ಕನ್ನಡನಾಡಿನಲ್ಲಿಯೇ ಇದ್ದಾನೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದ ಪ್ರಣವೇಶ್ವರ ದೇವಾಲಯದ ಮುಂದಣ ಸ್ತಂಭದಲ್ಲಿ ಐದನೆಯ ಶತಮಾನದ ಸಂಸ್ಕೃತ ಶಾಸನವೊಂದಿದೆ. ಕುಬ್ಜನೆಂಬ ಕವಿಯು ರಚಿಸಿದ್ದು. ಮಯೂರಶರ್ಮನೆಂಬ ಬ್ರಾಹ್ಮಣಕುಮಾರನು ಗುರು ವೀರಶರ್ಮನೊಡನೆ ಪಲ್ಲವರ ಕಾಂಚಿಗೆ ಹೋಗಿ, ಅಲ್ಲಿಯ ಘಟಿಕಾಸ್ಥಾನದಲ್ಲಿ ವಿದ್ಯಾರ್ಥಿಯಾಗಿ ಸೇರಿದನೆಂದೂ, ಪಲ್ಲವರ ಅಶ್ವಾರೋಹಿಯೊಬ್ಬನೊಡನೆ ಕಲಹವಾಗಿ ದರ್ಭೆ ಹಿಡಿದ ಕೈಯಲ್ಲಿ ಖಡ್ಗವನ್ನು ಹಿಡಿದನೆಂದೂ ಅದು ತಿಳಿಸುತ್ತದೆ. ಬನವಾಸಿಯ ಕದಂಬರಾಜ್ಯ ಹುಟ್ಟಿದುದು ಹೀಗೆ. ಓದಲು ಪರದೇಶಕ್ಕೆ ಹೋದ ಪ್ರವಾಸವೊಂದು ರಾಜ್ಯಸ್ಥಾಪನೆಯಲ್ಲಿ ಮುಗಿದುದು! ಕಲಹವಾದ ಮೇಲೆ ವೀರಶರ್ಮನು ಏನು ಮಾಡಿದನೆಂಬುದನ್ನು ಕವಿಯು ಹೇಳಿಲ್ಲ. ಶಿಷ್ಯನಿಲ್ಲದೆ ಒಬ್ಬನೇ ಆ ದೀರ್ಘವಾದ ಹಾದಿಯನ್ನು ನಡೆದುಕೊಂಡು ಊರಿಗೆ ಮರಳಿದನೋ ಏನೋ.

ಈ ಕಂಬವನ್ನು 1894ರಲ್ಲಿ ಬೆಳಕಿಗೆ ತಂದವರು ಬಿ. ಎಲ್. ರೈಸ್. ಅವರೂ ಉಪಾಧ್ಯಾಯರೇ ಎಂಬುದು ಈಗ ಬಹುಜನಕ್ಕೆ ಮರೆತಿದೆ. ಕುಲದಿಂದ ಆಂಗ್ಲರು, ಹುಟ್ಟಿದುದು 1837ರಲ್ಲಿ ಬೆಂಗಳೂರಿನಲ್ಲಿ, ಮಿಷನರಿ ತಂದೆಯ ಮಗನಾಗಿ. ವಿಲಾಯಿತಿಯಲ್ಲಿ ಓದಿ 1860ರಲ್ಲಿ ಬೆಂಗಳೂರು ಹೈಸ್ಕೂಲಿನ ಮುಖ್ಯಸ್ಥರಾಗಿ ಮರಳಿ ಬಂದರು. ಮುಂದೆ ಸೆಂಟ್ರಲ್ ಕಾಲೇಜಾದುದು ಆ ಸಂಸ್ಥೆಯೇ. ಕೆಲವು ವರ್ಷಗಳಲ್ಲಿ ಮೈಸೂರು, ಕೊಡಗುಗಳ ಶಾಲೆಗಳ ಇನ್ಸ್‌ಪೆಕ್ಟರಾದರು. ಊರೂರಿನ ಶಾಲೆಗಳನ್ನು ತನಿಖೆ ಮಾಡಲು ಹೋದವರ ಕಣ್ಣಿಗೆ ಕೆರೆಯ ಏರಿಯ ಮೇಲೆ, ಗುಡಿಯ ಅಂಗಳದಲ್ಲಿ, ಹೊಲದ ಬದುವಿನಲ್ಲಿ ನಿಂತಿದ್ದ ಅಕ್ಷರದ ಕಲ್ಲುಗಳು ಬಿದ್ದುವು. ಊರಿನವರು ಹುಟ್ಟಿನಿಂದ ಕಂಡಿದ್ದ ಕಲ್ಲುಗಳೇ. ಕೆಲವಕ್ಕೆ ಅರಿಶಿನ ಕುಂಕುಮವೂ ಸಲ್ಲುತ್ತಿದ್ದಿತು. ಆದರೆ ಇದರಲ್ಲಿ ಏನು ಬರೆದಿದೆ ಎಂದು ಕೇಳಿದವರು ವಿರಳ. ಈ ಪ್ರಶ್ನೆಯ ಬೆನ್ನು ಹತ್ತಿ ಅವರು ನಮ್ಮ ಪಂಡಿತರ ನೆರವಿನಿಂದ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ ಹನ್ನೆರಡು ಸಂಪುಟಗಳಲ್ಲಿ ಸುಮಾರು 9,000 ಶಾಸನಗಳಿವೆ. ನಮ್ಮ ನೆಲಮಂಗಲ ತಾಲ್ಲೂಕಿನವು 1905ರಲ್ಲಿ ಹೊರಬಂದ ಒಂಬತ್ತನೆಯ ಸಂಪುಟದಲ್ಲಿವೆ.

ಎರಡನೆಯ ಉಪಾಧ್ಯಾಯರು ಪೂರ್ತಿಯಾಗಿ ಪರದೇಶದವರು: ಸ್ಪೇನ್ ದೇಶದ ಬಾರ್ಸಿಲೋನಾದ ಫಾದರ್ ಹೆನ್ರಿ ಹೆರಾಸ್. 1922ರ ನವೆಂಬರಿನಲ್ಲಿ ಅವರು ಮುಂಬಯಿಯ ಸೇಂಟ್ ಝೇವಿಯರ್ ಕಾಲೇಜಿಗೆ ಚರಿತ್ರೆಯ ಅಧ್ಯಾಪಕರಾಗಿ ಬಂದರು. ಯಾವ ಚರಿತ್ರೆಯನ್ನು ಕಲಿಸುವಿರೆಂದು ಪ್ರಾಂಶುಪಾಲರು ಕೇಳಿದಾಗ, ಇಲ್ಲಿ ಎಲ್ಲರಿಗಿಂತ ಕಡಮೆ ತಿಳಿದಿರುವುದು ಯಾವ ದೇಶದ ಚರಿತ್ರೆಯೆಂದು ಇವರು ಮರುಪ್ರಶ್ನೆ ಹಾಕಿದರಂತೆ. ಭಾರತದ್ದೆಂದು ಉತ್ತರ ಬರಲು, ಹಾಗಾದರೆ ಅದನ್ನೇ ಕಲಿಸುತ್ತೇನೆಂದರಂತೆ. ಈ ಕಥೆಯನ್ನು ಅವರ ಶಿಷ್ಯಪರಂಪರೆಯವರು ಇಂದಿಗೂ ಹೇಳಿಕೊಳ್ಳುತ್ತಾರೆ. ತಿಳಿಯದುದನ್ನು ಕಲಿಸಲು ಒಪ್ಪಿಕೊಂಡವನು ಮೊದಲು ತಾನೇ ಕಲಿಯಬೇಕು. ಕಲಿಯಲು ಪುಸ್ತಕಭಂಡಾರವೊಂದೇ ಸಾಲದು. ಹಾಗಾಗಿ ಶಿಷ್ಯರನ್ನು ಕಟ್ಟಿಕೊಂಡು ಹಾಳೂರುಗಳನ್ನೂ ಶಾಸನಗಳನ್ನೂ ನೋಡಲು ಹೊರಡುವುದು ಅವರ ಬೋಧನೆಯ ಒಂದು ಅಂಗವೇ ಆಯಿತು. 1926ರಲ್ಲಿ ಅವರು ಅಲ್ಲಿ ಸಂಶೋಧನ ಸಂಸ್ಥೆಯೊಂದನ್ನು ಸ್ಥಾಪಿಸಿದರು. 1927ರಲ್ಲಿ ವಿಜಯನಗರದ ಅರವೀಡು ವಂಶವನ್ನು ಕುರಿತ ಅವರ ಗ್ರಂಥವು ಪ್ರಕಟವಾಯಿತು. ಸಿಂಧೂಲಿಪಿಯನ್ನು ಅವರು ಓದಿದ ಬಗೆಯನ್ನು ಮುಂದೆ ವಿದ್ವಾಂಸರು ಅಂಗೀಕರಿಸಲಿಲ್ಲ. ಅದು ಬೇರೆಯ ಮಾತು. ನನಗೆ ಮುಖ್ಯವಾಗಿ ತೋರುವುದು ಅವರ ಶಿಷ್ಯ ಜಾರ್ಜ್ ಮೊರಾಯಿಸ್ 1931ರಲ್ಲಿ ಹೊರತಂದ ‘ಕದಂಬಕುಲ’ವೆಂಬ ಇಂಗ್ಲಿಷ್ ಗ್ರಂಥ. ಶಾಲಾತನಿಖೆಗೆಂದು ಹೊರಟ ಆಂಗ್ಲ ಉಪಾಧ್ಯಾಯನು ಕಂಡುಹಿಡಿದ ತಾಳಗುಂದದ ಕಂಬ, ಸ್ಪೇನಿನ ಉಪಾಧ್ಯಾಯನ ಶಿಷ್ಯನಿಗೆ ಒಂದು ರಾಜವಂಶದ ಇತಿಹಾಸವನ್ನು ಬರೆಯಲು ಆಧಾರವಾಯಿತು. ಆ ಕಂಬದಲ್ಲಿರುವುದೂ ಶಿಷ್ಯನೊಡನೆ ಹೊರಟ ಒಬ್ಬ ಗುರುವಿನ ವೃತ್ತಾಂತವೇ ಎಂಬುದನ್ನು ನೆನೆದಾಗ ನನಗೆ ಬಹಳ ಸಂತೋಷವಾಗುತ್ತದೆ.

ಈಗ ನಮ್ಮ ಊರಿನ ವಿಷಯಕ್ಕೆ ಬರೋಣ. ನಮ್ಮ ಮಕ್ಕಳನ್ನು ತುಂಬಿಕೊಂಡ ಬಸ್ಸು ರಾತ್ರಿಯೆಲ್ಲಾ ಓಡಿ ಮುನ್ನೂರು ಮೈಲಿ ದೂರದ ಊರಿಗೆ ಹೋಗುತ್ತದೆ. ಎರಡು ದಿನಗಳಲ್ಲಿ ಒಂಬತ್ತು ಸ್ಥಳಗಳು. ಪ್ರತಿಯೊಂದರಲ್ಲಿಯೂ ಅರ್ಧ ಗಂಟೆ, ಒಂದು ಗುಂಪು ಚಿತ್ರ. ಕೊನೆಗೆ ನೀರಾಟದ ಉದ್ಯಾನ. ಮಕ್ಕಳು ಹಿಂದಿರುಗಿ ಎರಡು ದಿನ ನಿದ್ರೆ ಮಾಡುತ್ತವೆ. ಉಪಾಧ್ಯಾಯರನ್ನು ದೂಷಿಸಲಾರೆ, ಊಟ, ವಸತಿ, ವಾಂತಿ, ಕಳೆದುಹೋದ ಚಪ್ಪಲಿ ಇವುಗಳಲ್ಲಿಯೇ ಅವರ ಆಯುಸ್ಸು ಸವೆಯುತ್ತದೆ. ಆದರೆ ನೆಲಮಂಗಲ ತಾಲ್ಲೂಕಿನ ಮಕ್ಕಳಲ್ಲಿ ಮಣ್ಣೆಯನ್ನು ಕಂಡವರೆಷ್ಟು ಮಂದಿ? ತ್ಯಾಮಗೊಂಡ್ಲು ಹೋಬಳಿಯ ಆ ಹಳ್ಳಿಯೇ ಗಂಗರ ಮಾನ್ಯಪುರ. ಶ್ರೀಪುರುಷ ಮಹಾರಾಜನು ನೆಲಸಿದ್ದ ಬೀಡು. ಅಲ್ಲಿ ದೊರೆತ 797ರ ತಾಮ್ರಶಾಸನವು ಶ್ರೀವಿಜಯನೆಂಬ ದಂಡನಾಯಕನು ಅಲ್ಲಿ ಜಿನಾಲಯವನ್ನು ಕಟ್ಟಿಸಿದುದನ್ನು ತಿಳಿಸುತ್ತದೆ. ನಮ್ಮ ಸುತ್ತಮುತ್ತಲ ಬಯಲುಗಳು ಬಡಾವಣೆಗಳೂ ಉಗ್ರಾಣಗಳೂ ಆಗುತ್ತಿರುವ ಈ ಕಾಲದಲ್ಲಿ, ರೈಸ್ ಸಾಹೇಬರು ಕಂಡ ಕಲ್ಲುಗಳೆಲ್ಲವೂ ಇಂದು ಉಳಿದಿವೆಯೆಂದು ಭಾವಿಸಬಾರದು. 2021ರಲ್ಲಿ ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಈ ಸೀಮೆಯ ಶಾಸನಗಳನ್ನು ಹುಡುಕಿ, ಯಂತ್ರದಿಂದ ಅವುಗಳ ಮೂರು ಆಯಾಮದ ಪ್ರತಿಯನ್ನು ತೆಗೆಯುವ ಕಾರ್ಯಕ್ಕೆ ಕೈಹಾಕಿದರು. ಪ್ರತಿ ಉಳಿಯುತ್ತದೆ, ಸಂತೋಷ. ಆದರೆ ಕಲ್ಲು ತನ್ನ ಸ್ಥಳದಲ್ಲಿಯೇ ಉಳಿಯಬೇಕಾದರೆ, ಅದು ಏನೆಂದು ಬಲ್ಲ ನಾಲ್ಕು ಹುಡುಗರು ಆ ಊರಿನಲ್ಲಿರಬೇಕು.

ಶಿವಗಂಗೆಯನ್ನು ತೆಗೆದುಕೊಳ್ಳೋಣ. ಗಂಗಾಧರೇಶ್ವರನ ದರ್ಶನ, ತುಪ್ಪ ಬೆಣ್ಣೆಯಾಗುವ ಸೋಜಿಗ, ಒಳಕಲ್ಲು ತೀರ್ಥದಲ್ಲಿ ಕೈಯಿಟ್ಟು ನೀರು ಸಿಕ್ಕಿತೋ ಇಲ್ಲವೋ ಎಂಬ ಕುತೂಹಲ, ತುದಿಯ ನಂದಿ. ಇವಿಷ್ಟನ್ನು ಕಂಡು ಕೆಳಗಿಳಿಯುವುದು ವಾಡಿಕೆ. ಹೊರದೇಶದ ಆ ಉಪಾಧ್ಯಾಯನು ನಮ್ಮ ಮಕ್ಕಳ ಸಂಗಡ ಬೆಟ್ಟ ಹತ್ತಿದ್ದರೆ ಏನು ಕೇಳುತ್ತಿದ್ದನು? ಈ ಬೆಟ್ಟದ ನೀರು ಎಲ್ಲಿಗೆ ಹರಿದುಹೋಗುತ್ತದೆಂದು ಕೇಳುತ್ತಿದ್ದನು. ಕುಮುದ್ವತಿಯು ಹುಟ್ಟುವುದು ಇಲ್ಲಿಯೇ. ಅದು ನಮ್ಮ ತಾಲ್ಲೂಕನ್ನು ಹಾದು ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಸೇರುತ್ತದೆ. ಆ ಸಂಗಮದಲ್ಲಿ 1933ರಲ್ಲಿ ಕಟ್ಟಿದ ಜಲಾಶಯವು ಬೆಂಗಳೂರಿಗೆ ಬಹುಕಾಲ ಕುಡಿಯುವ ನೀರನ್ನು ಕೊಟ್ಟಿತು. ಈಗ ಆ ನದಿಯ ಪಾತ್ರವನ್ನು ಗುರುತಿಸುವುದೇ ಹಲವು ಕಡೆ ಕಷ್ಟ. ಮಕ್ಕಳು ಒಂದು ದಿನ ಆ ಪಾತ್ರವನ್ನು ಹುಡುಕಿಕೊಂಡು ನಡೆದರೆ ಭೂಗೋಳವೂ ಚರಿತ್ರೆಯೂ ಒಂದೇ ಹಾದಿಯಲ್ಲಿ ಸಿಕ್ಕುತ್ತವೆ.

ಶಾಂತಲೆಯು ಇಲ್ಲಿಂದಲೇ ಬಿದ್ದಳೇ ಎಂದೂ ಅವನು ಕೇಳುತ್ತಿದ್ದನು. ಹೊಯ್ಸಳ ವಿಷ್ಣುವರ್ಧನನ ರಾಣಿಯು ಬೆಟ್ಟದ ತುದಿಯಿಂದ ಧುಮುಕಿದಳೆಂದು ಜನರು ಸ್ಥಳವನ್ನೇ ತೋರಿಸುತ್ತಾರೆ. ಆಕೆಯೇ ಶ್ರವಣಬೆಳಗೊಳದಲ್ಲಿ ಕಟ್ಟಿಸಿದ ಸವತಿಗಂಧವಾರಣ ಬಸದಿಯ ಶಾಸನವಾದರೋ, 1131ರಲ್ಲಿ ಆಕೆಯು ಶಿವಗಂಗೆಯ ತೀರ್ಥದಲ್ಲಿ ಸ್ವರ್ಗಸ್ಥಳಾದಳೆಂದೂ, ತಾಯಿ ಮಾಚಿಕಬ್ಬೆಯು ಅನಂತರ ಬೆಳಗೊಳದಲ್ಲಿ ಸಂನ್ಯಸನವ್ರತವನ್ನು ಕೈಕೊಂಡು ಮುಡಿಪಿದಳೆಂದೂ ಹೇಳುತ್ತದೆ. ಧುಮುಕಿದ ಮಾತು ಅಲ್ಲಿಲ್ಲ. ರೈಸ್ ಸಾಹೇಬರು ಬೆಳಗೊಳದ ಶಾಸನಗಳನ್ನು 1889ರಲ್ಲಿಯೇ ಅಚ್ಚುಹಾಕಿಸಿದ್ದಾರೆ. ಊರಿನ ಕಥೆಯೊಂದು, ಕಲ್ಲಿನ ಬರಹವೊಂದು: ಎರಡನ್ನೂ ಮಕ್ಕಳ ಮುಂದಿಟ್ಟು ಸುಮ್ಮನಾಗುವ ಉಪಾಧ್ಯಾಯನು ನನಗೆ ಪ್ರಿಯ. ವಾದವನ್ನು ಅವರೇ ಮುಂದುವರಿಸಲಿ.

ನಾನು ಕೆಲಸದಲ್ಲಿದ್ದಾಗ ಈ ಬೆಟ್ಟಕ್ಕೆ ಹಲವು ವರ್ಷ ಮಕ್ಕಳೊಡನೆ ಹೋಗಿದ್ದೇನೆ. ಒಂದು ವರ್ಷ, ಶಬ್ದರೂಪಗಳನ್ನು ಎಂದೂ ಸರಿಯಾಗಿ ಒಪ್ಪಿಸದ, ಕುರಿ ಸಾಕುವ ಮನೆಯ ಹುಡುಗನೊಬ್ಬನು ಗುಂಪಿನಲ್ಲಿದ್ದನು. ನುಣ್ಣನೆಯ ಬಂಡೆಯೊಂದರ ಬಳಿ ಬಂದಾಗ ಅವನು ಅಡ್ಡ ಬಂದು, “ಇಲ್ಲಿ ಕಾಲಿಡಬೇಡಿ ಮೇಷ್ಟ್ರೇ, ಪಾಚಿ ಒಣಗಿ ಕೂತಿದೆ, ಜಾರುತ್ತೆ. ನಮ್ಮ ಕುರೀನೂ ಇಲ್ಲಿ ಬರಲ್ಲ,” ಎಂದನು. ಅಲ್ಲಿಂದ ಮೇಲಕ್ಕೆ ಅವನೇ ಮುಂದೆ, ನಾವೆಲ್ಲರೂ ಹಿಂದೆ. ಯಾವ ದೊಣೆಯಲ್ಲಿ ಬೇಸಗೆಯಲ್ಲಿಯೂ ನೀರು ನಿಲ್ಲುತ್ತದೆ, ಯಾವ ಸೊಪ್ಪನ್ನು ಕುರಿಗೆ ಜ್ವರ ಬಂದಾಗ ತಿನ್ನಿಸುತ್ತಾರೆ ಎಂದೆಲ್ಲಾ ಅವನು ಹೇಳುತ್ತಿದ್ದರೆ ತರಗತಿಯ ಮೊದಲ ಸಾಲಿನ ಹುಡುಗರು ಕಿವಿಯಾಗಿದ್ದರು. ಇಂದಿನ ತರಗತಿಗಳಲ್ಲಿ, ನಮ್ಮ ಕಡೆಯ ಕಾರ್ಖಾನೆಗಳ ಕೆಲಸಕ್ಕೆಂದು ದೂರದ ಪ್ರಾಂತಗಳಿಂದ ಬಂದವರ ಮಕ್ಕಳೂ ಕುಳಿತಿರುತ್ತಾರೆ. ಕನ್ನಡವು ಇನ್ನೂ ನಾಲಗೆಗೆ ಹತ್ತದ ಆ ಮಕ್ಕಳಿಗೆ ಬಯಲಿನ ಒಂದು ದಿನವು ಎಷ್ಟು ಮಾತನ್ನು ಕಲಿಸಬಲ್ಲದೆಂಬುದನ್ನು ಚೀನಾದೇಶದ ಆ ಬಸ್ಸನ್ನು ನೆನೆದರೆ ಊಹಿಸಬಹುದು.

ಇನ್ನು ಭಯದ ವಿಷಯ. ಅದನ್ನು ಹಗುರವಾಗಿ ತೆಗೆದುಹಾಕತಕ್ಕದ್ದಲ್ಲ. 2024ರ ಡಿಸೆಂಬರ್ 10ರಂದು ಮುರುಡೇಶ್ವರದ ಸಮುದ್ರತೀರದಲ್ಲಿ, ಕೋಲಾರ ಜಿಲ್ಲೆಯಿಂದ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಆ ಸುದ್ದಿಯನ್ನು ಓದಿದ ಯಾವ ತಾಯಿಯಾದರೂ ಮಗುವನ್ನು ಕಳುಹಿಸಲು ಹಿಂಜರಿದರೆ ಆಕೆಯನ್ನು ತಪ್ಪೆನ್ನಲಾಗದು. ಇಲಾಖೆಯ ಅನುಮತಿಪತ್ರ, ತಂದೆತಾಯಿಗಳ ಒಪ್ಪಿಗೆಪತ್ರ ಇವೆಲ್ಲವೂ ಬೇಕು. ಆದರೆ ಕಾಗದವು ಈಜುವುದಿಲ್ಲ. ಆದಕಾರಣ ಗೃಹಸ್ಥರು ಶಾಲೆಗೆ ಹೋಗಿ ನೇರವಾಗಿ ಕೇಳಬೇಕಾದ ಮಾತುಗಳಿವೆ. ಎಷ್ಟು ಮಕ್ಕಳಿಗೆ ಒಬ್ಬ ಉಪಾಧ್ಯಾಯರು? ಹೆಣ್ಣುಮಕ್ಕಳ ಸಂಗಡ ಉಪಾಧ್ಯಾಯಿನಿಯರು ಎಷ್ಟು ಮಂದಿ? ನೀರಿಗೆ ಇಳಿಸುವಿರಾ? ಇಳಿಸುವುದಾದರೆ ಈಜು ಬಲ್ಲವರು ಯಾರು? ರಾತ್ರಿ ಬಸ್ಸು ಓಡಿಸುವ ಚಾಲಕನು ಹಗಲು ನಿದ್ರೆ ಮಾಡಿರುತ್ತಾನೆಯೆ? ಹೀಗೆ ಕೇಳುವುದು ಅಧಿಕಪ್ರಸಂಗವೆಂದು ಯಾರಾದರೂ ಮುಖ ಸಿಂಡರಿಸಿದರೆ, ಆ ಪ್ರವಾಸಕ್ಕೆ ಮಗುವನ್ನು ಕಳುಹಿಸಬೇಡಿರೆಂದೇ ನನ್ನ ಸಲಹೆ.

ಖರ್ಚಿನ ವಿಷಯವಾಗಿಯೂ ಒಂದು ಮಾತು. ಪ್ರವಾಸದ ದಿನ ಬಸ್ಸು ಹೋದ ಮೇಲೆ ಶಾಲೆಯಲ್ಲಿ ಉಳಿದುಕೊಳ್ಳುವ ಐದಾರು ಮಕ್ಕಳಿರುತ್ತಾರೆ. ಹಣ ಕಟ್ಟಲಾಗಲಿಲ್ಲವೆಂದು ಅವರು ಹೇಳುವುದಿಲ್ಲ, ಹೊಟ್ಟೆನೋವೆನ್ನುತ್ತಾರೆ. ಶಿವಗಂಗೆಯೋ ಮಣ್ಣೆಯೋ ಆದರೆ ಬಸ್ಸಿನ ಚೀಟಿ, ಒಂದು ಬುತ್ತಿ, ಇಷ್ಟೇ ವೆಚ್ಚ. ನಮ್ಮ ಬೀದಿಯ ನಾಲ್ಕು ಮನೆಯವರು ಹುಳಿಯನ್ನವನ್ನೋ ಚಿತ್ರಾನ್ನವನ್ನೋ ಎರಡು ಡಬರಿಯಷ್ಟು ಹೆಚ್ಚಾಗಿ ಮಾಡಿಕೊಟ್ಟರೆ, ಹೊಟ್ಟೆನೋವೆಂದ ಮಕ್ಕಳೂ ಬಸ್ಸು ಹತ್ತುತ್ತಾರೆ.

ಈ ಸಂಕ್ರಾಂತಿಗೆ ಮೊದಲು, ಬಿಸಿಲೇರುವುದಕ್ಕೆ ಮುಂಚೆ, ನಮ್ಮ ಪಕ್ಕದ ಶಾಲೆಯ ಏಳನೆಯ ತರಗತಿಯವರು ಬೆಟ್ಟಕ್ಕೆ ಹೋಗುವರಂತೆ, ನನ್ನನ್ನೂ ಕರೆದಿದ್ದಾರೆ. ಮೊಣಕಾಲು ಒಳಕಲ್ಲು ತೀರ್ಥದವರೆಗೆ ಒಪ್ಪಿದರೆ ಸಾಕು. ಹತ್ತುವ ಮೊದಲೊಮ್ಮೆ, ಗುಡಿಯ ಬಳಿಯಲ್ಲೊಮ್ಮೆ, ಇಳಿದ ಮೇಲೊಮ್ಮೆ ತಲೆಗಳನ್ನು ಎಣಿಸತಕ್ಕದ್ದೆಂದು ಉಪಾಧ್ಯಾಯಿನಿಯವರಿಗೆ ತಿಳಿಸಿದ್ದೇನೆ; ಎಣಿಸುವಾಗ ನನ್ನನ್ನೂ ಸೇರಿಸಿಕೊಳ್ಳುವುದಾಗಿ ಅವರು ಹೇಳಿದ್ದಾರೆ.